ಅತ್ತೆಯ ಅಳಿಯಂದಿರು

ನಮ್ಮ ಸೋದರತ್ತೆಗೆ ಮಕ್ಕಳಿರಲಿಲ್ಲ. ಆದರೆ ಅಳಿಯಂದಿರಿದ್ದರು! ಮಗಳೇ ಇಲ್ಲದ ಮೇಲೆ ಅಳಿಯ ಎಲ್ಲಿಂದ ಬಂದ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ನಳದ ಕಟ್ಟೆಯ ಕೆಳಗಿನ ಮೋರಿಯಿಂದ ಬಂದರು. ಮೈತುಂಬ ಕೂದಲು, ಚೂಪು ಮೂತಿ, ಕೆಂಗಣ್ಣು, ಕಸಬರಿಗೆಯಂಥ ಬಾಲ. ಇಂಥ ಅಳಿಯನನ್ನು ಯಾರಾದರೂ ಮನೆ ತುಂಬಿಸಿಕೊಳ್ಳುತ್ತಾರೆಯೇ? ಅದಕ್ಕೆ ನಮ್ಮ ಅತ್ತೆಯಂಥವಳೇ ಬೇಕು. ಆದರೆ ಅಳಿಯಂದಿರ ಪುರಾಣಕ್ಕೆ ಮೊದಲು ಅತ್ತೆಯ ಪುರಾಣ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಅತ್ತೆ ನಮ್ಮಪ್ಪನ ಅಕ್ಕ. ಅವಳ ಗಂಡ ದೌಂಡದ ಹತ್ತಿರ ರೈಲ್ವೆ ಗೇಟು ಕಾಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಪ್ಪ ಹೋಗಿ ಅಕ್ಕನನ್ನು ಪುಣೆಗೆ, ಯೆರವಡಾದ ನಮ್ಮ ವಠಾರಕ್ಕೆ, ಅಲ್ಲಿನ ಮಾತಿನಲ್ಲಿ ಚಾಳಿಗೆ, ಕರೆತಂದ. ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಪರಕರ ಎತ್ತಿ ಕಟ್ಟಿಕೊಂಡು ಕುಂಟೆಬಿಲ್ಲೆ ಆಡುವ ಹುಡುಗಿ. ಅತ್ತೆ ಒಂದು ಟ್ರಂಕು ತಂದಳು. ಟ್ರಂಕಿನಲ್ಲಿ ಸೀರೆಗಿಂತ ಮೇಲೆ, ಮಡಿಕೆ ಕೆಡದಂತೆ, ಮಾವನ ಎರಡು ಹಳೆಯ ನಿಶಾನೆಗಳಿದ್ದವು. ಒಂದು ಕೆಂಪು, ಒಂದು ಹಸಿರು. ಬೇರೆ ಹೆಂಗಸರು ಗಂಡನ ನೆನಪಿಗೆ ಫೋಟೋ ಇಟ್ಟುಕೊಳ್ಳುತ್ತಾರೆ. ನಮ್ಮ ಅತ್ತೆ ಸಿಗ್ನಲ್ಲು ಇಟ್ಟುಕೊಂಡಿದ್ದಳು!

ಇಟ್ಟುಕೊಂಡು ಸುಮ್ಮನಿದ್ದಳೇ? ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಗಂಡ ಸತ್ತ ಹೆಂಗಸು ಎದುರಾಗಬಾರದು ಎಂಬುದು ಅವಳ ಊರಿನ ರೂಢಿ. ಪುಣೆಯಲ್ಲಿ ಅವಳಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಹೇಳಲಿ ಎಂದು ಅವಳು ಕಾಯಲೂ ಇಲ್ಲ. ಬಂದ ಮಾರನೆಯ ದಿನವೇ ನಮ್ಮ ಕಿಟಕಿಯ ಸರಳಿಗೆ ನಿಶಾನೆ ಕಟ್ಟಿದಳು. ಅತ್ತೆ ನೀರಿಗೋ ಬಟ್ಟೆ ಒಗೆಯಲೋ ಹೊರಗೆ ಹೋದರೆ ಕೆಂಪು. ಒಳಗೆ ಬಂದು ಕದದ ಹಿಂದೆ ಕೂತರೆ ಹಸಿರು. ಲೈನ್ ಕ್ಲಿಯರ್! ಇನ್ನು ಯಾರು ಬೇಕಾದರೂ ಹೆಣ್ಣು ನೋಡಲು ಹೋಗಬಹುದು, ಕೋರ್ಟಿಗೆ ಹೋಗಬಹುದು, ಪರೀಕ್ಷೆಗೆ ಹೋಗಬಹುದು.

ಮೊದಮೊದಲು ಚಾಳಿನವರು ನಕ್ಕರು. ಆಮೇಲೆ ಅಭ್ಯಾಸವಾಯಿತು. ಕಡೆಕಡೆಗೆ ಶಕುನದ ಗೊಡವೆಯೇ ಇಲ್ಲದವರೂ ಕೆಂಪು ಕಂಡರೆ ನಿಂತುಬಿಡುತ್ತಿದ್ದರು. ಹಾಲಿನವನು ಒಮ್ಮೆ ಎಷ್ಟು ಹೊತ್ತು ನಿಂತನೆಂದರೆ ಕ್ಯಾನಿನಲ್ಲೇ ಹಾಲು ಮೊಸರಾಯಿತು ಎಂದು ಅವ್ವ ಹೇಳುತ್ತಾಳೆ. ಅವ್ವ ಒಂದಕ್ಕೆರಡು ಹೇಳುತ್ತಾಳೆ. ನಾನೂ ಅವಳ ಮಗಳೇ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

“ಅಕ್ಕಾರ, ಯಾರ ಏನಂದಾರ್ರಿ ನಿಮಗ? ತಗದ ಒಗೀರಿ ಆ ಕೆಂಪ ಅರಬಿ,” ಎಂದು ಅವ್ವ ರೇಗುತ್ತಿದ್ದಳು.

“ಯಾರರೆ ಅನ್ನೂಕಿಂತ ಮೊದಲ ನಾವ ಸರದ ನಿಂತರ ಚಲೋ ಅಲ್ಲೇನವಾ?” ಎಂದು ಅತ್ತೆ ನಗುತ್ತಿದ್ದಳು.

ನಗುತ್ತಲೇ ಹೇಳುತ್ತಿದ್ದಳು, ಅದೇ ಅವ್ವನಿಗೆ ಸಂಕಟ. ನನ್ನ ಪರೀಕ್ಷೆಯ ದಿನ ಕದದ ಸಂದಿಯಿಂದ ಒಂದು ಕೈ ಮಾತ್ರ ಹೊರಗೆ ಬರುತ್ತಿತ್ತು. ಅಂಗೈಗೆ ಮೊಸರು-ಸಕ್ಕರೆ ಹಾಕಿ ಒಳಗೆ ಸರಿಯುತ್ತಿತ್ತು. ಊರಿನ ಮಕ್ಕಳನ್ನೆಲ್ಲ ಹಿರಿಯರು ಎದುರು ನಿಂತು ಹರಸಿದರೆ ನನ್ನನ್ನು ಹರಸಿದ್ದು ಬಳೆಯಿಲ್ಲದ ಒಂದು ಮುಂಗೈ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ನಳದ ಹತ್ತಿರ ಗದ್ದಲವೆದ್ದಿತು. “ಘೂಸ! ಘೂಸ!” ಎಂದು ಹೆಂಗಸರು ಕಿರುಚಿದರು. ಹೆಗ್ಗಣ ಎಂದು ಅರ್ಥ. ಬಡಿಗೆ ಹಿಡಿದು ಗಂಡಸರು ಓಡಿದರು. ಪಾಪ, ವಾರವಿಡೀ ಕಾರ್ಖಾನೆಯಲ್ಲಿ ಸಾಹೇಬರ ಬೈಗುಳ ತಿಂದವರು, ಕೈಗೆ ಸಿಕ್ಕ ಶತ್ರುವನ್ನು ಬಿಡುತ್ತಾರೆಯೇ? ಮೋರಿಯ ಬಾಯಲ್ಲಿ ಎಲುಬು ಎಣಿಸುವಂತಿದ್ದ ಪ್ರಾಣಿಯೊಂದು ನಡುಗುತ್ತ ಕೂತಿತ್ತು. ಬಡಿಗೆ ಎತ್ತಿದ್ದರು, ಇನ್ನೇನು ಬೀಳಬೇಕು, ಅಷ್ಟರಲ್ಲಿ ಅತ್ತೆ ಓಡಿಬಂದು ನಡುವೆ ನಿಂತಳು. ಎರಡೂ ಕೈಯಲ್ಲಿ ಕೆಂಪು ನಿಶಾನೆ ಅಗಲಿಸಿ ಹಿಡಿದು!

“ನಿಲ್ಲ್ರಿ!”

ಇಷ್ಟು ದಿನದ ಅಭ್ಯಾಸ ನೋಡಿ, ಎಲ್ಲರೂ ನಿಂತುಬಿಟ್ಟರು. ಎತ್ತಿದ ಬಡಿಗೆ ಎತ್ತಿದ ಹಾಗೇ. ಅತ್ತೆ ಪ್ರಾಣಿಯನ್ನು ಅದೇ ನಿಶಾನೆಯಲ್ಲಿ ಸುತ್ತಿ ಎತ್ತಿಕೊಂಡು ಮನೆಗೆ ಬಂದಳು. ಹೆಗ್ಗಣವಲ್ಲ, ಮುಂಗುಸಿ. ಕುತ್ತಿಗೆಗೆ ಹರಿದ ಹಗ್ಗ ಬಿಗಿದು ಗಾಯವಾಗಿತ್ತು. ಯಾರೋ ಹಾವಾಡಿಗನ ಕೈಯಿಂದ ತಪ್ಪಿಸಿಕೊಂಡು ಬಂದದ್ದಿರಬೇಕು. ಅತ್ತೆ ಅಡಕತ್ತರಿಯಿಂದ ಹಗ್ಗ ಕತ್ತರಿಸಿ, ಅರಿಶಿನ ಮೆತ್ತಿ, ಮಡಿಲಲ್ಲಿಟ್ಟುಕೊಂಡು ಕೂತಳು.

ಅಪ್ಪ ಮೆಲ್ಲಗೆ ಶುರುಮಾಡಿದ. “ಅಕ್ಕಾ, ಇದು ಮನ್ಯಾಗ ಇರೂ ಪ್ರಾಣಿ ಅಲ್ಲ ಬಿಡು.”

“ನಾನೂ ಈ ಮನ್ಯಾಗ ಇರೂ ಪ್ರಾಣಿ ಅಲ್ಲೋ ತಮ್ಮಾ. ಇಟಗೊಂಡೀ ಇಲ್ಲೋ?”

ಅಪ್ಪ ಎದ್ದು ಹೋಗಿ ಅದಕ್ಕೆ ಮಲಗಲು ಒಂದು ಖೋಕಿ, ಕಟ್ಟಿಗೆಯ ಪೆಟ್ಟಿಗೆ, ಹುಡುಕಿ ತಂದ.

ಗಾಯ ಮಾಗಿತು, ಮೈ ತುಂಬಿತು, ಗತ್ತು ಬಂದಿತು. ಹೆಸರೇನಿಡುವುದು? ಅತ್ತೆ ಯೋಚಿಸಿ ಹೇಳಿದಳು, “ದುಡಿಯೂದಿಲ್ಲ, ದುಃಖ ಪಡೂದಿಲ್ಲ. ಹೊತ್ತಿಗೆ ಸರಿಯಾಗಿ ತಾಟ ಬೇಕು, ತುಸು ತಡ ಆದ್ರ ಸಿಟ್ಟು. ಇವರು ಅಳಿಯಂದ್ರಲ್ಲದ ಮತ್ಯಾರು?” ಇದ್ದದ್ದು ಒಂದೇ ಮುಂಗುಸಿ, ಬಹುವಚನ ಅಳಿಯತನದ ಮರ್ಯಾದೆಗೆ. ಅವ್ವ ಒಲೆಯ ಕಡೆ ಮುಖ ಮಾಡಿ ನಕ್ಕಳು. ತಾನೂ ಒಂದು ಮನೆಯ ಅಳಿಯನಾಗಿದ್ದ ಅಪ್ಪ ಪೇಪರು ಎತ್ತಿ ಮುಖಕ್ಕೆ ಹಿಡಿದ.

ಅಳಿಯಂದಿರು ರೊಟ್ಟಿ ಮುಟ್ಟಲಿಲ್ಲ, ಬೇಳೆ ಮೂಸಲಿಲ್ಲ. ಅವರಿಗೆ ಕೋಳಿಯ ತತ್ತಿಯೇ ಆಗಬೇಕು. ನಮ್ಮದೋ ಉಳ್ಳಾಗಡ್ಡಿಯನ್ನೂ ಸೋಮವಾರ ಮುಟ್ಟದ ಮನೆ! ಆ ಶಬ್ದವನ್ನು ಬಾಯಲ್ಲಿ ಆಡುವುದಾದರೂ ಹೇಗೆ? ಅತ್ತೆ ದಾರಿ ಕಂಡುಕೊಂಡಳು. ಮೇಲಿನ ಮಹಡಿಯಲ್ಲಿದ್ದ, ನಾವೆಲ್ಲ ಕಾಕು ಎನ್ನುತ್ತಿದ್ದ ಮರಾಠಿ ಹೆಂಗಸಿನ ಮನೆಯಲ್ಲಿ ಎಲ್ಲವೂ ನಡೆಯುತ್ತಿತ್ತು. ನನ್ನನ್ನು ಕರೆದು, “ಹೋಗವಾ, ಕಾಕೂನ ಕಡೆ ಒಂದ ಬಿಳೇ ಬಟಾಟಿ ಇಸಗೊಂಡ ಬಾ,” ಎನ್ನುತ್ತಿದ್ದಳು. ಬಿಳೇ ಬಟಾಟಿ ಇಕ್ಕಳದಲ್ಲಿ ಬರುತ್ತಿತ್ತು. ಅಳಿಯಂದಿರು ಅದಕ್ಕೆ ಬೆನ್ನು ತಿರುಗಿಸಿ, ಮುಂಗಾಲಿನಿಂದ ಹಿಡಿದು, ಹಿಂಗಾಲ ನಡುವಿನಿಂದ ಗೋಡೆಗೆ ಬೀಸಿ ಒಡೆಯುತ್ತಿದ್ದರು. ಆ ಜಾತಿಯ ಪದ್ಧತಿಯೇ ಹಾಗಂತೆ. ಗೋಡೆಗೆ ಬೀಸಿದರೆ ಸರಿ. ಒಂದು ದಿನ ಕೆಲಸಕ್ಕೆ ಹೊರಟ ಅಪ್ಪನ ಪಾಲೀಶು ಮಾಡಿದ ಬೂಟಿಗೆ ಬೀಸಿದರು!

“ಅಕ್ಕಾ, ನನ್ನ ಬೂಟು!”

“ಬಟಾಟಿಯೋ, ಏನೂ ಆಗೂದಿಲ್ಲ. ಒರಸ್ಕೋ,” ಎಂದಳು ಅತ್ತೆ.

ಮಳೆಗಾಲದಲ್ಲಿ ಚಾಳಿನ ಕಟ್ಟಿಗೆ ರಾಶಿಯಲ್ಲಿ ಹಾವು ಬಂದಿತು. ಎಲ್ಲರ ಬಾಯಲ್ಲೂ ಒಂದೇ ಮಾತು, ಅಳಿಯಂದ್ರನ್ನು ಕರೆತನ್ನಿ! ಅತ್ತೆ ಅವರನ್ನು ಎತ್ತಿಕೊಂಡು ಸೇನಾಪತಿಯ ತಾಯಿಯ ಹಾಗೆ ನಡೆದಳು. ಹಿಂದೆ ಇಡೀ ಚಾಳು. ಕೆಳಗಿಳಿಸಿದಳು. ಅಳಿಯಂದಿರು ಹಾವನ್ನು ನೋಡಿದರು. ಹಾವು ಅಳಿಯಂದಿರನ್ನು ನೋಡಿತು. ಮರುಕ್ಷಣ ಅಳಿಯಂದಿರು ಅತ್ತೆಯ ಸೀರೆ ಹಿಡಿದು ಸರ್ರನೆ ಏರಿ, ತಲೆಯ ಮೇಲೆ ಕೂತು, ಅವಳ ಮೂಗಿನ ಮೇಲೆ ಬಾಲ ಇಳಿಬಿಟ್ಟು ಕಣ್ಣು ಮುಚ್ಚಿಕೊಂಡರು! ಹಾವಾಡಿಗನ ಹತ್ತಿರ ಏನೇನು ಅನುಭವಿಸಿದ್ದರೋ ಯಾರಿಗೆ ಗೊತ್ತು. ಇಷ್ಟು ಜನರ ಕೂಗಾಟಕ್ಕೆ ಬೇಸತ್ತ ಹಾವು ತಾನಾಗಿಯೇ ಗಟಾರಕ್ಕಿಳಿದು ಹೋಯಿತು. ಅತ್ತೆ ಮೂಗಿನ ಮೇಲಿನ ಬಾಲ ಸರಿಸಿ ಗಂಭೀರವಾಗಿ ಹೇಳಿದಳು, “ನೋಡಿದ್ರಿಲ್ಲ? ಮ್ಯಾಲ ಕುಂತ ಕಣ್ಣೀಲೇ ಓಡಿಸಿದ್ರು.”

ಮುಂಗುಸಿಯ ಮುಖ ಕಂಡರೆ ಹೋದ ಕೆಲಸ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ, ಮರಾಠಿಯವರಲ್ಲೂ ಇದೆ. ಮುಂಗುಸಿ ಕಂಡರೆ ಮಕ್ಕಳು ರಾಮನ ಆಣೆ ಹಾಕಿ ಮುಖ ತೋರಿಸೆಂದು ಬೇಡುತ್ತಾರೆ. ಕಾಕು ತನ್ನ ಮಗಳಿಗೆ ವರ ಗೊತ್ತುಮಾಡಲು ಹೊರಟ ದಿನ ಕಿಟಕಿಯಲ್ಲಿ ಅಳಿಯಂದಿರು ಇಣುಕಿದ್ದರು. ವರ ಗೊತ್ತಾಯಿತು. ತಗೊಳ್ಳಿ, ಮಾರನೆಯ ಬೆಳಿಗ್ಗೆಯಿಂದ ನಮ್ಮ ಬಾಗಿಲಲ್ಲಿ ಜನರ ಪಾಳಿ! ನೌಕರಿಗೆ ಹೊರಟವರು, ಮ್ಯಾಟ್ರಿಕ್ ಬರೆಯುವವರು, ಕೋರ್ಟಿನ ವಾಯಿದೆ ಇದ್ದವರು. “ಮುಂಗುಸಪ್ಪಾ, ಮಾರಿ ತೋರಸು, ರಾಮನ ಆಣಿ ಅದ!” ಎಂದು ಹುಡುಗರ ಕೂಗು.

ಈಗ ಅತ್ತೆಗೆ ಧರ್ಮಸಂಕಟ. ಅಳಿಯಂದಿರು ಅವಳ ತೋಳು ಬಿಟ್ಟು ಬೇರೆಯವರ ಹತ್ತಿರ ಹೋಗುವವರಲ್ಲ. ಬೆಳಿಗ್ಗೆ ಎದ್ದು ಶುಭಕ್ಕೆ ಹೊರಟವರ ಎದುರು ಇವಳು ಹೇಗೆ ನಿಲ್ಲುವುದು? ನಿಂತಳು. ಮುಖಕ್ಕೆ ಮೊರ ಅಡ್ಡ ಹಿಡಿದು!

“ಅಳಿಯಂದ್ರನ್ನ ಅಷ್ಟ ನೋಡ್ರಿ. ನನ್ನ ನೋಡಬ್ಯಾಡ್ರಿ,” ಎಂದು ಮೊರದ ಹಿಂದಿನಿಂದ ದನಿ ಬರುತ್ತಿತ್ತು.

ಅಳಿಯಂದಿರಿಗೆ ಜನ ಕಂಡರೆ ಆಗದು. ಅವರೂ ನುಸುಳಿ ಮೊರದ ಹಿಂದೆ ಹೋಗಿ ಅತ್ತೆಯ ಕೆನ್ನೆಗೆ ಮೂತಿ ಒತ್ತಿ ಕೂರುತ್ತಿದ್ದರು. ಹೊರಗಿನವರಿಗೆ ಕಾಣುವುದು ಮೊರ ಮಾತ್ರ. ಮೊರದ ದರ್ಶನ ಮಾಡಿ ಯಾರ ಕೆಲಸ ಆಗುತ್ತದೆ?

ಕಾಕುವಿನ ತಾಳ್ಮೆ ಒಂದು ದಿನ ತೀರಿತು. “ಅಹೋ ತಾಯಿ, ತೇ ಸೂಪ ಕಾಢಾ ಆಧೀ!” ಎಂದು ಗದರಿ, ಮೊದಲು ಆ ಮೊರ ತೆಗೆಯಿರಿ ಎಂದವಳೇ ತಾನೇ ಕಿತ್ತುಕೊಂಡಳು. ಎರಡು ಮುಖ ಅಕ್ಕಪಕ್ಕ ಕಂಡವು. ಎರಡೂ ಗಾಬರಿಯಲ್ಲಿದ್ದವು. ಕಾಕು ಎರಡಕ್ಕೂ ಕೈ ಮುಗಿದು, ಮೊರ ಕಂಕುಳಲ್ಲಿಟ್ಟುಕೊಂಡು ಬಸ್ಸಿಗೆ ಹೋಗಿಬಿಟ್ಟಳು. ಮೊರ ವಾಪಸು ಬಂದದ್ದು ಸಂಜೆಗೆ.

ಅಂದಿನಿಂದ ಅತ್ತೆ ಬರಿಮುಖದಲ್ಲಿ ನಿಲ್ಲತೊಡಗಿದಳು. ಮೊದಲು ನೆಲ ನೋಡುತ್ತ, ಆಮೇಲೆ ಜನರ ಕಾಲು ನೋಡುತ್ತ, ಕಡೆಗೆ ಕಣ್ಣಲ್ಲಿ ಕಣ್ಣಿಟ್ಟು. “ಹೋಗಿ ಬಾ ಮಗಾ, ಪೆನ್ನ ತಗೊಂಡೀ ಇಲ್ಲೋ?” ಎಂದು ಕೇಳುವಷ್ಟು ಧೈರ್ಯ ಬಂತು. ಕೆಂಪು ನಿಶಾನೆ ಅಳಿಯಂದಿರ ಹಾಸಿಗೆಯಾಗಿತ್ತು. ದರ್ಶನ ಮಾಡಿಯೂ ನಪಾಸಾದವರು ಇರಲಿಲ್ಲವೇ? ಇದ್ದರು. ಅವರ ತಾಯಂದಿರು ಜಗಳಕ್ಕೆ ಬಂದರೆ ಅತ್ತೆಯ ಉತ್ತರ ಸಿದ್ಧವಿತ್ತು. “ನಿಮ್ಮ ಹುಡುಗ ಮಾರಿ ನೋಡಿಲ್ಲವಾ, ಬಾಲ ನೋಡ್ಯಾನ!”

ವರ್ಷಗಳು ಹೀಗೆ ಸುಖವಾಗಿ ಕಳೆದವು. ನಾನು ಸೀರೆ ಉಡುವಂತಾದೆ. ಆಗ ನದಿ ಕಡೆಯ ಪೊದೆಗಳಿಂದ ಇನ್ನೊಂದು ಮುಂಗುಸಿ ನಳದ ಹತ್ತಿರ ಸುಳಿದಾಡತೊಡಗಿತು. ಅಳಿಯಂದಿರು ತತ್ತಿ ತಿನ್ನುವುದು ಬಿಟ್ಟರು, ಮುನಿದರು, ಕಿಟಕಿಯಲ್ಲೇ ಕೂತರು. ಒಂದು ಬೆಳಿಗ್ಗೆ ಖೋಕಿ ಖಾಲಿ. ಅತ್ತೆ ಕಣ್ಣೊರೆಸಿಕೊಂಡು, “ಅಳಿಯಂದ್ರು ಹೆಂಡತಿ ಕರಕೊಂಡ ಸಂಸಾರ ಹೂಡಿದ್ರು. ಚಲೋ ಆತು, ಬರೇ ನಮ್ಮ ಮನ್ಯಾಗ ಉಂಡ ಕುಂತರ ಹೆಂಗ?” ಎಂದಳು. ಆಮೇಲೆ ಖೋಕಿಯಿಂದ ಕೆಂಪು ನಿಶಾನೆ ತೆಗೆದು, ಕೂದಲು ಝಾಡಿಸಿ, ಒಗೆದು ಒಣಗಿಸಿದಳು. ಮರುದಿನ ಅದು ಮತ್ತೆ ಕಿಟಕಿಯ ಸರಳಿನಲ್ಲಿತ್ತು. ಅವ್ವ ಬೈದಳು, ಕಾಕು ಬೈದಳು, ಅಪ್ಪ ಬೇಡಿಕೊಂಡ. ಅತ್ತೆ ಕೇಳಲಿಲ್ಲ.

ಆ ವಾರದಲ್ಲೇ ನನಗೆ ಟೆಲಿಫೋನ್ ಆಪರೇಟರ್ ಕೆಲಸದ ಇಂಟರ್‌ವ್ಯೂ. ಅವ್ವನ ವಾಯಿಲ್ ಸೀರೆ ಉಟ್ಟು ಹೊರಟೆ. ಕದ ಒಂದಿಷ್ಟು ಸರಿಯಿತು. ಅದೇ ಕೈ, ಅದೇ ಮೊಸರು-ಸಕ್ಕರೆ. ನನಗೆ ಅಳು ಬಂತು, ಸಿಟ್ಟೂ ಬಂತು. ಅಂಗೈ ಚಾಚಲಿಲ್ಲ.

“ಅತ್ಯಾ, ಮಾರಿ ತೋರಸು.”

“ಹುಚ್ಚಿ, ಹೊತ್ತಾತು. ಬಸ್ಸ ತಪ್ಪತದ, ತಗೋ ಲಗೂನ.”

“ಮಾರಿ ತೋರಸು, ರಾಮನ ಆಣಿ ಅದ.”

ಚಾಚಿದ ಕೈ ಒಳಗೆ ಸರಿಯಿತು. ಆಮೇಲೆ ಸಣ್ಣ ದನಿ ಬಂತು. “ಅಳಿಯಂದ್ರ ಇಲ್ಲಲ್ಲವಾ. ಮಂದಿ ಬರತಿದ್ದದ್ದು ಅವರ ಮಾರಿ ನೋಡಾಕ. ನಂದೇನ ಅದ?”

“ನಾ ಅವರ ಮಾರಿ ಒಂದ ಪರೀಕ್ಷಾದ ದಿನಾನೂ ನೋಡಿಲ್ಲ ಅತ್ಯಾ! ನಾ ಹೊಂಟಾಗೆಲ್ಲ ಅವರು ನಿನ್ನ ಕಡೆ ತಿರುಗಿ ಕುಂದರತಿದ್ರು. ಮ್ಯಾಟ್ರಿಕ್ ದಿನಾನೂ ನಂಗ ಕಂಡದ್ದು ಬಾಲ. ನಾ ನಿನ್ನ ಮಾರಿ ನೋಡೇ ಪಾಸಾಗೇನಿ.”

ಕದ ಪೂರ್ತಿ ತೆರೆಯಿತು. ಅತ್ತೆ ಹೊಸ್ತಿಲು ದಾಟಿ ಬಂದು ನನ್ನ ಎದುರು ನಿಂತಳು. ಮೊರವಿಲ್ಲ, ಮುಂಗುಸಿಯಿಲ್ಲ. ನನ್ನ ಮುಖ ನೋಡುತ್ತಲೇ ಮೊಸರು ಹಾಕಹೋಗಿ ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿದಳು. ಇಂಟರ್‌ವ್ಯೂಗೆ ಹೋದದ್ದು ಮೊಸರಿನ ಕಲೆಯ ಸೀರೆಯಲ್ಲೇ. ಕೆಲಸ ಸಿಕ್ಕಿತು, ಅದರ ಮಾತು ಬೇರೆ.

ಓಣಿಯ ತಿರುವಿನಲ್ಲಿ ನಾನು ತಿರುಗಿ ನೋಡಿದೆ. ಅತ್ತೆ ಇನ್ನೂ ಬಾಗಿಲ ಹೊರಗೆ, ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದಳು. ನಮ್ಮ ಮಾವ ರೈಲು ಕಳಿಸುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೈ ಮುಂದೆ ಚಾಚಿ, ನನಗೆ ಹಸಿರು ನಿಶಾನೆ ತೋರಿಸುತ್ತಿದ್ದಳು.