ಎಣ್ಣೆ ಕೆಡುವುದಿಲ್ಲ ಎಂದೆ, ಅಷ್ಟೇ

ವಿಜ್ಞಾನದ ಮೇಷ್ಟ್ರು ಮಾವನ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಉಣ್ಣಬೇಕು. ನರಗುಂದದ ಹೈಸ್ಕೂಲಿನಲ್ಲಿ ನಾನು ಗಂಟಲು ಹರಿಯುವಂತೆ ಪಾಠ ಹೇಳಿದರೂ ಒಂದು ಅಕ್ಷರ ಯಾರ ತಲೆಗೂ ಹತ್ತುವುದಿಲ್ಲ. ಊಟದ ನಡುವೆ ಹಗುರಾಗಿ ಆಡಿದ ಮಾತು ಮಾತ್ರ ಶಾಸನವಾಗಿಬಿಡುತ್ತದೆ. ಇದು ಯಾವ ನ್ಯಾಯ ಹೇಳಿ?

ಸಂಕ್ರಾಂತಿಗೆ ಹೆಂಡತಿಯ ತವರು ಗಜೇಂದ್ರಗಡಕ್ಕೆ ಹೋಗಿದ್ದೆವು. ಮಾವ ಮಗ್ಗದಿಂದ ಎದ್ದು ಬಂದು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮುರಿಯುತ್ತ, ಶೇಂಗಾ ಎಣ್ಣೆ ಬೇಗ ಮುಗ್ಗಲು ವಾಸನೆ ಹೊಡೆಯುತ್ತದೆ, ಗಾಣದ ಎಳ್ಳೆಣ್ಣೆ ಮಾತ್ರ ಬೇಸಿಗೆ ಕಳೆದರೂ ಹಾಗೇ ಇರುತ್ತದಲ್ಲ, ಯಾಕೆ ಎಂದು ಕೇಳಿದರು. ಇಂಥ ಪ್ರಶ್ನೆಯನ್ನು ನನ್ನ ಇಡೀ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನು ಉಬ್ಬಿಹೋದೆ. ಎಳ್ಳಿನಲ್ಲಿ ಸೆಸಮಿನ್, ಸೆಸಮೊಲಿನ್ ಎಂಬ ವಸ್ತುಗಳಿವೆ, ಹುರಿದಾಗ ಸೆಸಮಾಲ್ ಎಂಬುದು ಹುಟ್ಟುತ್ತದೆ, ಗಾಳಿ ಎಣ್ಣೆಯನ್ನು ಕೆಡಿಸಲು ಬಂದರೆ ಇಂಥವು ಮುಂದೆ ನಿಂತು ಆ ಏಟು ತಾವೇ ತಿನ್ನುತ್ತವೆ ಎಂದು ವಿವರಿಸಿದೆ. ಹಾಗಾದರೆ ಮೈಗೂ ಒಳ್ಳೆಯದೇ ಎಂದರು ಮಾವ. ಇರಬಹುದು, ಬಲ್ಲವರು ಇನ್ನೂ ಪರೀಕ್ಷೆ ಮಾಡುತ್ತಿದ್ದಾರೆ ಎಂದೆ. ಆ 'ಇರಬಹುದು' ಯಾರ ಕಿವಿಗೂ ಬೀಳಲಿಲ್ಲ.

ಕೆಲವು ವಾರಗಳ ಮೇಲೆ ಮಾವ ಮಗ್ಗದ ಮುಂದೆಯೇ ಕಣ್ಣು ಕತ್ತಲಾಗಿ ಕುಸಿದರೆಂದು ಫೋನು ಬಂತು. ನಾವು ಹೋಗಿ ಮುಟ್ಟುವಷ್ಟರಲ್ಲಿ ದವಾಖಾನೆಯಲ್ಲಿ ಮಲಗಿಸಿದ್ದರು. ಬಿಪಿ ಏರಿತ್ತು. ಗುಳಿಗೆ ಯಾಕೆ ಬಿಟ್ಟಿರಿ ಎಂದು ಡಾಕ್ಟರು ಗದರಿದರೆ, ಅತ್ತೆ ತುಂಬಿದ ವಾರ್ಡಿನಲ್ಲಿ ನನ್ನ ಕಡೆ ಬೆರಳು ತೋರಿಸಿದರು.

"ನಮ್ಮ ಅಳಿಯಂದ್ರು ಹೇಳ್ಯಾರ್ರಿ. ಎಳ್ಳೆಣ್ಣಿ ಕುಡದ್ರ ಗುಳಿಗಿ ಬ್ಯಾಡಂತ."

ಡಾಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರ್, ತಮ್ಮ ದವಾಖಾನಿ ಎಲ್ಲೈತ್ರಿ?" ಎಂದರು. ಪಕ್ಕದ ಮಂಚದ ರೋಗಿ ಸಲೈನ್ ಹಾಕಿಸಿಕೊಂಡೇ ನಕ್ಕ. ನಾನು ಹಾಗೆ ಹೇಳಲೇ ಇಲ್ಲ ಎಂದು ವಾದಿಸಿದೆ. ಸಾಕ್ಷಿಗೆಂದು ಹೆಂಡತಿಯ ಕಡೆ ತಿರುಗಿದರೆ ಅವಳು ಗೋಡೆ ನೋಡುತ್ತಿದ್ದಳು. ಕೊನೆಗೆ ಮಾವನೇ ಮೆಲ್ಲಗೆ ಬಾಯಿಬಿಟ್ಟರು.

"ಅವರು ಎಣ್ಣಿ ಕೆಡೂದಿಲ್ಲ ಅಂದಿದ್ರು. ಅದನ್ನ ದಿನಾ ಕುಡದ ಮನಶಾ ಹ್ಯಾಂಗ ಕೆಡ್ತಾನ ಅಂತ ನಾನಽ ತಿಳಕೊಂಡ್ನಿ."

ನನಗೆ ಉರಿದುಹೋಯಿತು. ಎಣ್ಣೆಗೆ ಬಿಪಿ ಇರುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಆದರೆ ಸೂಜಿ ಚುಚ್ಚಿದ ಕೈಯಿಂದಲೇ ಅವರು ಮಂಚದ ಅಂಚಿನಲ್ಲಿ ನನಗೆ ಜಾಗ ಮಾಡಿಕೊಟ್ಟರು. ಆ ಕೈ ಹಿಡಿದುಕೊಂಡು ಕೂತೆ. ಮರುದಿನ ಬಿಪಿ ಇಳಿಯಿತು. ಮಾವ ಅತ್ತೆಯ ಎದುರಿಗೇ ಗುಳಿಗೆ ನುಂಗಿದರು. ರೊಟ್ಟಿಗೆ ಎಳ್ಳು ಹಚ್ಚಲು ಅಡ್ಡಿಯಿಲ್ಲ, ಗುಳಿಗೆ ಬಿಡುವಂತಿಲ್ಲ ಎಂದು ಡಾಕ್ಟರು ನನಗೇ ಬಿಡಿಸಿ ಹೇಳಿದರು.

ಮರಳುವಾಗ ಹೆಂಡತಿ ಬಸ್ಸಿನಲ್ಲಿ ಮುಂದಿನ ಹೆಂಗಸರ ಸೀಟಿಗೆ ಹೋಗಿ ಕೂತಳು. ನನ್ನ ಸಿಟ್ಟಿಗೆ ರೋಣದಲ್ಲಿ ಹತ್ತಿದ, ನರಗುಂದದ ಆಚೆಯ ಕೊಣ್ಣೂರಿನ ರೈತನೊಬ್ಬ ಸಿಕ್ಕ. ಸೆಸಮಾಲ್‌ನಿಂದ ಹಿಡಿದು ವಾರ್ಡಿನ ಅವಮಾನದವರೆಗೆ ಎಲ್ಲವನ್ನೂ ಅವನೆದುರು ತೋಡಿಕೊಂಡೆ. ಜನಕ್ಕೆ ತಿಳುವಳಿಕೆ ಇಲ್ಲ ಎಂದು ಅವನೂ ನೊಂದುಕೊಂಡ. ನರಗುಂದ ಬಂದಾಗ ನನ್ನ ಕಡೆ ಬಾಗಿದ.

"ನಮ್ಮವ್ವಗ ಮೊಣಕಾಲ ನೋವು ಭಾಳ ಐತ್ರಿ ಸರ. ಆ ಎಣ್ಣಿ ಕುಡಿಸಬೇಕೋ, ತಿಕ್ಕಬೇಕೋ?"

ನಾನು ಎದ್ದು ಇಳಿಯಬೇಕಿತ್ತು. "ನೋಡ್ರಿ, ಎಳ್ಳಿನಾಗ ಏನಿರತೈತಿ ಅಂದ್ರ..." ಎಂದು ಶುರುಮಾಡಿದೆ. ಆಗಲೇ ಕೆಳಗಿಳಿದಿದ್ದ ಹೆಂಡತಿ ಕಿಟಕಿಯ ಹೊರಗೆ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ನನ್ನನ್ನೂ ಹೊತ್ತು ಕೊಣ್ಣೂರಿನ ಕಡೆ ಹೊರಟಿತು.