ಸಿರುಗುಪ್ಪ ಎಕ್ಸ್‌ಚೇಂಜಿನ ಪಟ್ಟಿ

ಮರಿಬಸಪ್ಪ: ಪಟ್ಟಿಗೆ ನಕಲು ಇಲ್ಲಂತ ಯಾರು ಹೇಳಿದ್ರು? ಐತಿ.

ನಾನು: ಎಲ್ಲಿ ಅದ?

ಮರಿಬಸಪ್ಪ: ಪಟ್ಟಿ ಹಿಂದ. ಅದ ಮೊಳಿಗೆ ಹಾಕೀನಿ.

ನಾನು: ಬೆಂಕಿ ಬಿದ್ರ?

ಮರಿಬಸಪ್ಪ: ಎರಡೂ ಕೂಡೇ ಹೋಗ್ತಾವ. ಒಂದ ಉಳಕಂಡು ಏನು ಮಾಡಬೇಕು?

ಮರಿಬಸಪ್ಪ ತೀರಿಹೋಗಿ ಇಪ್ಪತ್ತು ದಿನವಾಯಿತು. ಅವನ ಮಾತು ಕಿವಿಯಲ್ಲಿರುವಾಗಲೇ ಬರೆದಿಡುತ್ತಿದ್ದೇನೆ. ಇದು ಎಪ್ಪತ್ನಾಲ್ಕರ ಸಂಗತಿ. ಸಿರುಗುಪ್ಪದ ಟೆಲಿಫೋನ್ ಎಕ್ಸ್‌ಚೇಂಜಿಗೆ ಅವನು ಆಪರೇಟರು. ನಾನು ಬಳ್ಳಾರಿಯಿಂದ ಬಂದ ಮೆಕ್ಯಾನಿಕ್ಕು, ಅನಂತ. ಬೋರ್ಡಿಗೆ ಐವತ್ತು ತೂತು, ಒಂದೊಂದು ಮನೆಯ ತಂತಿಗೆ ಒಂದೊಂದು; ಕೆಲವು ಕೆಟ್ಟಿದ್ದವು, ಕೆಲವು ಖಾಲಿ. ಯಾವ ತೂತು ಯಾರದೆಂಬ ಪಟ್ಟಿ ಗೋಡೆಯ ಮೇಲೆ. ಸಂಜೆ ನಾಲ್ಕಕ್ಕೆ ಇಂಜಿನಿಯರು ಬರುವವರಿದ್ದರು. ಪಟ್ಟಿ, ಬೋರ್ಡು ಒಂದಕ್ಕೊಂದು ಕೂಡದಿದ್ದರೆ ಆಪರೇಟರಿಗೆ ದೂರದ ಊರಿಗೆ ವರ್ಗ. ಅವನ ಹೆಂಡತಿ ಚನ್ನವೀರಮ್ಮ ಶಾಲೆಯ ಟೀಚರು; ಕುರುಗೋಡಿನಿಂದ ವರ್ಗವಾಗಿ ಸಿರುಗುಪ್ಪಕ್ಕೆ ಬಂದು ಒಂದೇ ತಿಂಗಳು. ಮದುವೆಯಾದ ನಾಲ್ಕು ವರ್ಷಕ್ಕೆ ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತಿದ್ದರು.

ನಾನು: ಇದು ಮೂರು ವರ್ಷದ ಪಟ್ಟಿ. ಕೆಟ್ಟ ತೂತು ಬಿಟ್ಟು ಬ್ಯಾರೆ ತೂತಿಗೆ ತಂತಿ ಹಾಕಿದ್ದು ಎಲ್ಲಿ ಬರದಿ?

ಮರಿಬಸಪ್ಪ: ತಲ್ಯಾಗ.

ನಾನು: ನಿನಗ ಜ್ವರ ಬಂದ್ರ?

ಮರಿಬಸಪ್ಪ: ಊರಿಗೆ ಫೋನು ಇಲ್ಲ. ಮಂದಿ ಆರಾಮ ಇರ್ತಾರ.

ನಾನು: ನಾ ಉಂಡು ಬರ್ತೀನಿ. ಅಷ್ಟರಾಗ ಎರಡೂ ಒಂದಕ್ಕೊಂದು ಕೂಡೂಹಂಗ ಮಾಡಿಡು.

ಉಂಡು ಬಂದೆ. ಅವನು ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದ.

ಮರಿಬಸಪ್ಪ: ನೋಡ್ಕೋ. ಕೂದಲಷ್ಟು ಫರಕಿಲ್ಲ.

ನಾನು: ಹಳೇ ಪಟ್ಟಿ ಹಂಗ ಅದಲ್ಲೋ!

ಮರಿಬಸಪ್ಪ: ಸರಕಾರದ ಸಿಕ್ಕಾ ಬಿದ್ದ ಪಟ್ಟಿ, ನಾ ಹೆಂಗ ತಿದ್ದಲಿ? ಬೋರ್ಡು ತಿದ್ದಿದೆ. ಪಟ್ಟ್ಯಾಗ ಇದ್ದಂಗ ತಂತಿ ಹಚ್ಚಿದೆ.

ನಾನು: ಕೆಟ್ಟ ತೂತಿಗೂ?

ಮರಿಬಸಪ್ಪ: ಅದಕ್ಕ ಮೊದಲು.

ನಾನು: ಈ ನೇತಾಡೋ ಏಳು ತಂತಿ?

ಮರಿಬಸಪ್ಪ: ಹೊಸ ಮಂದಿ. ಪಟ್ಟ್ಯಾಗ ಹೆಸರಿಲ್ಲ. ಕಿತ್ತಿದೆ.

ಬೋರ್ಡು ಗುರ್ ಎಂದಿತು. ಪಟ್ಟಿಯ ಪ್ರಕಾರ ಅದು ಡಾಕ್ಟರ ತೂತು.

ಮರಿಬಸಪ್ಪ: ಹೇಳ್ರಿ ಡಾಕ್ಟರ.

ದನಿ: ನಾ ಹಿಟ್ಟಿನ ಗಿರಣಿ ಪಾರಮ್ಮ. ಯಾವಾಗಿಂದಲೋ ನಾ ಡಾಕ್ಟರು?

ನಾನು: ಎಲ್ಲಾ ತಲ್ಯಾಗ ಐತಿ ಅಂದಿ?

ಮರಿಬಸಪ್ಪ: ಇತ್ತಪ್ಪ. ತಂತಿ ಇದ್ದಲ್ಲೇ ಇದ್ರ ತಲಿಗೆ ನೆಪ್ಪು. ಎಲ್ಲಾ ಒಮ್ಮೆಲೇ ಕಿತ್ತೆ ನೋಡು, ಬರೇ ತಂತಿ ಕಂಡ್ವು. ಅಂದಾಜಿನ್ಯಾಗ ಹಚ್ಚಿದೆ.

ಗಡಿಯಾರದಲ್ಲಿ ಎರಡೂವರೆ. ಅವನ ಮುಖ ಸಣ್ಣದಾಯಿತು.

ಮರಿಬಸಪ್ಪ: ಚನ್ನವೀರಿಗೆ ಏನು ಹೇಳಲೋ? ಮೊನ್ನೆರ ಎರಡು ತಾಟು ಕೊಂಡು ತಂದಾಳ.

ಅವನು ತಟಕ್ಕನೆ ಎದ್ದು ನಿಂತ.

ಮರಿಬಸಪ್ಪ: ಹೊಸ ಹಾಳಿ ತಗಿ! ಕೆಟ್ಟ ತೂತಿನ ತಂತಿ, ಈ ಏಳು ತಂತಿ, ಎಲ್ಲಾ ಖಾಲಿ ತೂತಿಗೆ ಹಾಕ್ತೀನಿ. ತಂತಿ ಇದ್ದ ತೂತಿಗೆಲ್ಲಾ ಗಂಟಿ ಹೊಡೀತೀನಿ. ಯಾರು ಎತ್ತತಾರ ಅವರ ಹೆಸರು ಬರಕೋ.

ಮೊದಲ ಗಂಟೆ.

ದನಿ: ಯಾವನಲೇ ಅವ, ಉಣ್ಣಾಕ ಕುಂತಾಗ!

ಮರಿಬಸಪ್ಪ: ಬರಕೋ, ಅಕ್ಕಿ ಮಿಲ್ಲಿನ ದೊಡ್ಡಬಸಪ್ಪ.

ನಾನು: ಅವರು ಹೆಸರ ಹೇಳಲಿಲ್ಲಲ್ಲೋ!

ಮರಿಬಸಪ್ಪ: ಇಷ್ಟು ಚಂದ ಬೈಯೋರು ಊರಾಗ ಮತ್ತ್ಯಾರದಾರ?

ಎರಡನೆಯದು.

ದನಿ: ಯಾರು ಬೇಕಾಗಿತ್ತು?

ಮರಿಬಸಪ್ಪ: ನೀವ ರೀ. ನೀವು ಯಾರು?

ದನಿ: ಗಂಟಿ ನೀನ ಹೊಡದು ನನ್ನ ಯಾರಂತ ಕೇಳ್ತೀಯೇನೋ!

ಮರಿಬಸಪ್ಪ: ಹೆಡ್‌ಮಾಸ್ತರು. ಬರಕೋ.

ಮೂರನೆಯದು ಕೊಟ್ರಬಸಮ್ಮನವರದು. ಎಂಬತ್ತರ ಮುದುಕಿ.

ದನಿ: ಯಾರಿಗರ ಏನರ ಆತೇನಪ್ಪ?

ಮರಿಬಸಪ್ಪ: ಏನೂ ಆಗಿಲ್ಲವ್ವ. ಅದೀರೇನು ಅಂತ ಕೇಳಿದೆ.

ದನಿ: ಅದೀನಪ್ಪ. ನೀನು?

ಮರಿಬಸಪ್ಪ: ನಾನೂ ಅದೀನವ್ವ.

ಹೀಗೆ ನಲವತ್ತೊಂದು ಮನೆಯವರಿಂದ ಬೈಸಿಕೊಂಡೆವು. ನಾಲ್ಕಕ್ಕೆ ಜೀಪು ಬಂದು ನಿಂತಾಗ ಹಾಳೆಯ ಮಸಿ ಇನ್ನೂ ಹಸಿಯಾಗಿತ್ತು. ಇಂಜಿನಿಯರು ಗೋಪಾಲಕೃಷ್ಣರಾಯರು ತಾವೇ ಐದು ಕಡೆ ಗಂಟೆ ಹೊಡೆದು ನೋಡಿದರು. ಐದೂ ಸರಿ.

ಇಂಜಿನಿಯರು: ಭೇಷ್! ಇಂಥಾ ಪಟ್ಟಿ ಜಿಲ್ಲಾದಾಗ ಎಲ್ಲೂ ಇಲ್ಲ. ಇದನ್ನ ಬರೆದವರನ್ನ ನಾಳೆಯಿಂದ ಊರೂರಿಗೆ ಕಳಸ್ತೀನಿ. ಎಲ್ಲಾ ಎಕ್ಸ್‌ಚೇಂಜಿಗೂ ಹಿಂಗ ಬರೀಲಿ. ವರ್ಷ, ಎರಡು ವರ್ಷ ಆಗಲಿ. ನೀವ ಅಲ್ಲೇನ್ರಿ ಮರಿಬಸಪ್ಪ?

ಮರಿಬಸಪ್ಪ ಪಟ್ಟಿಯನ್ನು ನೋಡಿದ. ಆಮೇಲೆ ನನ್ನನ್ನು ಬಹಳ ಪ್ರೀತಿಯಿಂದ ನೋಡಿದ.

ಮರಿಬಸಪ್ಪ: ಛೇ ಛೇ, ಸಾಹೇಬ್ರ! ನಂದು ಕಾಗಿ ಕಾಲಿನ ಅಕ್ಷರ. ಈ ಮುತ್ತಿನಂಥಾ ಅಕ್ಷರ ಅನಂತಂದು. ಅವಗ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಎಲ್ಲಿ ಕಳಿಸಿದ್ರೂ ಕುಣಕೋಂತ ಹೋಗ್ತಾನ್ರಿ.