ಗಿಟಾರಿಗೆ ಹೊದಿಸಿದ ಶಾಲು

ಹೊನ್ನಾಳಿಯಲ್ಲಿ ಯಾವ ಸಮಾರಂಭ ನಡೆದರೂ ಕೊನೆಯ ವಂದನಾರ್ಪಣೆ ನನ್ನದೇ. ಹೊಟ್ಟೆಪಾಡಿಗೆ ಪ್ರೌಢಶಾಲೆಯಲ್ಲಿ ಗುಮಾಸ್ತಿಕೆ ಮಾಡುತ್ತೇನೆ, ಅದು ಬೇರೆ ಮಾತು. ಅಧ್ಯಕ್ಷರಿಂದ ಹಿಡಿದು ಮೈಕ್ ಸೆಟ್ಟಿನವರ ತನಕ ಒಂದು ಹೆಸರೂ ಬಿಡದೆ ವಂದಿಸಬಲ್ಲೆ ಎಂಬ ಹೆಮ್ಮೆ ಇಪ್ಪತ್ತು ವರ್ಷ ನನ್ನ ಜೊತೆಗಿತ್ತು. ಕಳೆದ ಆಷಾಢದಲ್ಲಿ ಅದನ್ನು ಚನ್ನಗಿರಿಯಲ್ಲಿ ಬಿಟ್ಟುಬಂದೆ.

ಮಗಳು ಸಿಂಚನ ದಾವಣಗೆರೆಯಲ್ಲಿ ಓದುತ್ತಾಳೆ. ಅಲ್ಲಿ ಗೆಳೆಯರ ಜೊತೆ ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದಾಳೆ. ಇವರು ಸಿನಿಮಾ ಹಾಡು ಹಾಡುವುದಿಲ್ಲ, ತಾವೇ ಬರೆದದ್ದನ್ನು ತಾವೇ ನುಡಿಸುತ್ತಾರೆ. ಆಷಾಢವಾದ್ದರಿಂದ ಮದುವೆಗಳಿಲ್ಲದೆ ಖಾಲಿ ಬಿದ್ದಿದ್ದ ಚನ್ನಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ಇಂಥ ಮೂರು ಬ್ಯಾಂಡುಗಳ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ನಮ್ಮನ್ನು ಕರೆದಳು.

“ಅಪ್ಪಾಜಿ, ನಾನೇ ಬರೆದಿರೋ ಹಾಡು ಐತೆ. ನೀವು ಬಂದು ಸುಮ್ನೆ ಕೇಳ್ರಿ, ಅಷ್ಟೇ ಸಾಕು. ಸ್ಟೇಜ್ ಹತ್ತಬ್ಯಾಡ್ರಿ. ಹತ್ತಿದ್ರೆ ಇನ್ಮ್ಯಾಲೆ ಕರೆಯಲ್ಲ.”

“ನಾನ್ಯಾಕೆ ಹತ್ತಲವ್ವ? ಹತ್ತು ಜನರಲ್ಲಿ ಒಬ್ಬನಾಗಿ ನಿಂತಿರ್ತೀನಿ,” ಎಂದೆ. ಹಾಗೆಂದವನು ಬ್ಯಾಗಿನ ತಳದಲ್ಲಿ ಒಂದು ಶಾಲು, ಆರು ಮೋಸಂಬಿ ಇಟ್ಟುಕೊಂಡೇ ಹೊರಟೆ. ಬರಿಗೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ.

ಮಂಟಪದಲ್ಲಿ ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದ್ದರು. ರಾಕ್ ಸಂಗೀತವನ್ನು ನಿಂತೇ ಕೇಳಬೇಕಂತೆ. ವೇದಿಕೆಯ ಹಿಂದೆ ಯಾರದೋ ಮದುವೆಯ ಥರ್ಮಾಕೋಲ್ ಅಕ್ಷರಗಳು ಇನ್ನೂ ನೇತಾಡುತ್ತಿದ್ದವು. ನನ್ನ ಹೆಂಡತಿ ಗಿರಿಜಾ ಊಟದ ಹಾಲಿಗೆ ಹೋಗಿ ನೋಡಿ, ಒಲೆಯನ್ನೇ ಹಚ್ಚಿಲ್ಲವೆಂದು ವರದಿ ತಂದಳು. ಐದೂವರೆಗೆಂದದ್ದು ಏಳಕ್ಕೆ ಶುರುವಾಯಿತು. ಅಷ್ಟರಲ್ಲಿ ನನ್ನ ಮಂಡಿಗಳು ರಾಜೀನಾಮೆ ಬರೆದಿಟ್ಟಿದ್ದವು.

ಮೊದಲ ಬ್ಯಾಂಡಿನವರು ಮುಕ್ಕಾಲು ಗಂಟೆ ನುಡಿಸಿದರು. ಎದೆಯೊಳಗೆ ಅಕ್ಕಿ ಗಿರಣಿ ಓಡಿದ ಹಾಗಾಯಿತು. ಅದನ್ನು ಸಹಿಸಿದೆ. ಆದರೆ ಮುಗಿದ ಮೇಲೆ ಅವರು ವೈರು ಸುತ್ತಿಕೊಂಡು ಹಾಗೇ ಇಳಿದು ಹೋದರು! ಯಾರಿಗೂ ಒಂದು ವಂದನೆಯಿಲ್ಲ. ಎರಡನೆಯವರೂ ಅಷ್ಟೇ. ಮಂಡಿಗಿಂತ ಇದೇ ಹೆಚ್ಚು ನೋಯಿಸಿತು.

“ಮಂಟಪ ಕೊಟ್ಟೋರಿಗೆ ಒಂದು ಮಾತು ಹೇಳಾಕೆ ಇವ್ರಿಗೆ ಏನಾಗೈತೆ?” ಎಂದೆ.

“ನೀವು ಸುಮ್ನೆ ನಿಂತ್ಕಳ್ರೀ,” ಎಂದಳು ಗಿರಿಜಾ.

ಮೂರನೆಯದು ಸಿಂಚನಳ ಬ್ಯಾಂಡು. ಕಣ್ಣು ಮುಚ್ಚಿ, ಗಿಟಾರ್ ನುಡಿಸುತ್ತ ಹಾಡಿದಳು. ಅರ್ಧ ಮಾತು ತಿಳಿಯಲಿಲ್ಲ, ಆದರೂ ಮಂಡಿ ನೋವು ಮರೆತು ಮುಂದಕ್ಕೆ ಸರಿದು ನಿಂತೆ. ಹಾಡು ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತಿತು. ಇಡೀ ಮಂಟಪ ನಿಶ್ಶಬ್ದ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ನನ್ನ ಮಗಳ ಹಾಡಿಗೆ ಒಂದು ಚಪ್ಪಾಳೆ ಇಲ್ಲವೇ? ಗಿರಿಜಾ ಅಂಗಿ ಹಿಡಿದು ಎಳೆಯುವಷ್ಟರಲ್ಲಿ ನಾನು ವೇದಿಕೆಯ ಮೇಲಿದ್ದೆ. ಶಾಲು ಬಿಡಿಸಿ ಮಗಳ ಹೆಗಲಿಗೆ ಹೊದಿಸಿದೆ. ಅದು ಗಿಟಾರಿನ ಮೇಲೂ ಇಳಿಬಿತ್ತು. ಮೋಸಂಬಿ ಕೈಯಲ್ಲಿ ಹಿಡಿದೇ ಮೈಕಿಗೆ ಬಾಗಿ, “ಈ ಸುಂದರ ಸಂಜೆಗೆ ಕಾರಣೀಭೂತರಾದ ಮಂಟಪದ ಮಾಲೀಕರಿಗೆ...” ಎಂದು ಆರಂಭಿಸಿದೆ. ಬೆನ್ನ ಹಿಂದೆ ಸಿಡಿಲು ಬಡಿಯಿತು.

ಹಾಡು ಮುಗಿದೇ ಇರಲಿಲ್ಲ! ಡ್ರಮ್ಮಿನವನು ಮತ್ತೆ ಬಡಿಯಲು ಶುರುಮಾಡಿದ್ದ. ಬೆಚ್ಚಿದ ನನ್ನ ಕೈಯಿಂದ ಮೋಸಂಬಿಗಳು ಉರುಳಿದವು. ಸಿಂಚನ ತಂತಿ ಮೀಟಲು ಹೋದರೆ ಶಾಲಿನ ಅಂಚು ಕೈಗೆ ಬಂತು. ಆಗಲೇ ಇಳಿದುಬಿಡಬಹುದಿತ್ತು. ಆದರೆ ಆರಂಭಿಸಿದ ವಂದನಾರ್ಪಣೆಯನ್ನು ನಾನು ಎಂದೂ ಅರ್ಧಕ್ಕೆ ಬಿಟ್ಟವನಲ್ಲ. ಡ್ರಮ್ಮಿನ ಸದ್ದನ್ನು ಮೀರಿಸಿ ಕೂಗಿ ಮೈಕ್ ಸೆಟ್ಟಿನವರಿಗೆ, ಕರೆಂಟು ತೆಗೆಯದ ಲೈನ್‌ಮ್ಯಾನಿಗೆ, ಕುರ್ಚಿ ಪೇರಿಸಿದವರಿಗೆ ವಂದಿಸಿದೆ. ಒಬ್ಬೊಬ್ಬರಿಗೆ ವಂದಿಸಿದಾಗಲೂ ಜನ ಕುಣಿದು ಕೇಕೆ ಹಾಕಿದರು. ಇಪ್ಪತ್ತು ವರ್ಷದಲ್ಲಿ ನನಗೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಎಲ್ಲ ಮುಗಿದ ಮೇಲೆ ಮಂಟಪದ ಮೆಟ್ಟಿಲ ಮೇಲೆ ಕೂತೆವು. ಸಿಂಚನ ಶಾಲು ಮಡಚುತ್ತಿದ್ದಳು.

“ಜನಕ್ಕೆ ಬಾಳ ಇಷ್ಟ ಆತು ನೋಡವ್ವ,” ಎಂದೆ.

“ನಿಮ್ಮ ಭಾಷಣ ಇಷ್ಟ ಆತು ಅಪ್ಪಾಜಿ,” ಎಂದಳು. “ಹಾಡಿನ ನಡುವೆ ಹದಿನಾರು ಎಣಿಸೋ ತನಕ ಯಾರೂ ಏನೂ ನುಡಿಸಬಾರ್ದು ಅಂತ ಇಟ್ಟಿದ್ದೆ. ಹಂಗೆ ಒಟ್ಟಿಗೆ ಸುಮ್ನಿರಾಕೆ ಕಲಿಯಾದಕ್ಕೆ ನಮ್ಗೆ ಮೂರು ತಿಂಗ್ಳು ಹಿಡೀತು. ಜನ ಉಸಿರು ಬಿಗಿಹಿಡ್ಕಂಡು ಕಾಯ್ತಿದ್ರು. ನೀವು ಐದಕ್ಕೇ ಹತ್ತಿದ್ರಿ.”

ಸಿಟ್ಟಿನಲ್ಲಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಸುಸ್ತಾಗಿ ಹೇಳಿದಳು. ನನಗೆ ನಾಚಿಕೆಯಾಯಿತು. ಲೈನ್‌ಮ್ಯಾನಿಗೂ ವಂದಿಸಿದವನು ಹಾಡು ಬರೆದವಳ ಹೆಸರನ್ನೇ ಬಿಟ್ಟಿದ್ದೆ ಎಂಬುದು ಆಗ ನೆನಪಾಯಿತು.

ಈಗ ಅವಳು ಒಂದು ಷರತ್ತು ಹಾಕಿದ್ದಾಳೆ. ಮತ್ತೆ ಕರೆಯಬೇಕಾದರೆ ಹದಿನಾರು ಎಣಿಸುವ ತನಕ ಸುಮ್ಮನಿರುವುದನ್ನು ನಾನು ಕಲಿಯಬೇಕು. ಪರೀಕ್ಷಕಿ ಗಿರಿಜಾ. ದಿನಾ ಸಂಜೆ ಶಾಲೆಯಿಂದ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ, ಅವಳು ಎಣಿಸುತ್ತಾಳೆ. ನಿನ್ನೆ ಹನ್ನೊಂದರ ತನಕ ಬಂದಿದ್ದೆ. ಹನ್ನೆರಡಕ್ಕೆ ಅವಳು ಟೀ ಲೋಟ ಕೈಗಿಟ್ಟಳು. ತಡೆಯಲಾಗಲಿಲ್ಲ, ವಂದಿಸಿಬಿಟ್ಟೆ.

ಇವತ್ತು ಮತ್ತೆ ಒಂದರಿಂದ.